ನಿಮಗಿದು ಗೊತ್ತೇ? ದೂಳಿನಲ್ಲೂ ಮೊಳೆಯುತ್ತದೆ ಭತ್ತ

ಒಂದು ಕಿಲೊ ಭತ್ತದ ಹಿಂದೆ ಎಷ್ಟು ನೀರಿದೆ ಗೊತ್ತೇ? ಪ್ರಪಂಚದ ಗದ್ದೆಗಳ ಸರಾಸರಿ ತೆಗೆದರೆ ಸುಮಾರು 2,500 ಲೀಟರ್, ಮಳೆ ಮತ್ತು ಕಾಲುವೆ ನೀರು ಎರಡೂ ಸೇರಿ. ಅದರಲ್ಲಿ ಪೈರು ಎಲೆಯಿಂದ ಬಿಟ್ಟದ್ದು, ಗದ್ದೆಯ ಮೇಲ್ಮೈಯಿಂದ ಆವಿಯಾದದ್ದು ಕೂಡಿಸಿದರೆ 1,400 ಲೀಟರ್ ಚಿಲ್ಲರೆ. ಮಿಕ್ಕದ್ದು ನೆಲಕ್ಕೆ ಇಂಗಿತು, ಬದುವಿನ ಏಡಿ ಬಿಲದಿಂದ ಸೋರಿತು, ಕೆಳಗಿನವರ ಗದ್ದೆಗೆ ಹರಿಯಿತು. ಹಾಗಾಗಿ ಭತ್ತ ನೀರು ಕುಡಿಯುತ್ತದೆ ಎಂದು ಪೈರನ್ನು ಬೈಯುವುದು ಅರ್ಧ ಅನ್ಯಾಯ. ಕುಡಿಯುವುದರಲ್ಲಿ ಗದ್ದೆಯದೂ ದೊಡ್ಡ ಪಾಲಿದೆ.

ಒಂದು ಎಕರೆ ಮೇಲೆ ಒಂದೇ ಒಂದು ಮಿಲಿಮೀಟರ್ ನೀರು ನಿಂತರೆ ಅದು 4,047 ಲೀಟರ್. ಈ ಲೆಕ್ಕ ಕೈಯಲ್ಲಿಟ್ಟುಕೊಂಡು ಮುಂದೆ ಹೋಗಿ. ನಾಟಿ ಭತ್ತಕ್ಕೆ ಒಂದು ಬೆಳೆಯಲ್ಲಿ ಸುಮಾರು 1,400 ಮಿ.ಮೀ. ನೀರು ಹೋಯಿತು ಅನ್ನಿ, ಎಕರೆಗೆ 56 ಲಕ್ಷ ಲೀಟರ್ ದಾಟುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಅಳೆದರೆ 1,100ಕ್ಕೂ ಹೆಚ್ಚು ಟ್ಯಾಂಕರ್. ಬೇಸಿಗೆಯಲ್ಲಿ ಬೀದಿಗೊಂದು ಟ್ಯಾಂಕರ್ ಬಂದರೆ ಬಿಂದಿಗೆ ಹಿಡಿದು ಓಡುವ ನಮಗೆ ಈ ಸಂಖ್ಯೆ ಸ್ವಲ್ಪ ಹೊತ್ತು ತಲೆಯಲ್ಲಿ ಕೂರಬೇಕು.

ಆದರೆ ಈ ಲೆಕ್ಕ ಎಲ್ಲ ನೆಲಕ್ಕೂ ಒಂದೇ ಅಲ್ಲ. ಅಂತರ್ಜಲ ಮೇಲೇ ಇರುವ ಜೇಡಿಮಣ್ಣಿನ ಗದ್ದೆಯಲ್ಲಿ ಇಂಗುವುದು, ಜಿನುಗುವುದು ಒಟ್ಟು ನೀರಿನ ನಾಲ್ಕನೇ ಒಂದು ಭಾಗದಿಂದ ಅರ್ಧದಷ್ಟು. ಮರಳು ನೆಲದಲ್ಲಿ ಅದು ಶೇ. 85ರ ತನಕ ಹೋಗುತ್ತದೆ. ಮರಳು ಮಿಶ್ರಿತ ಹೊಲದಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯುವುದೆಂದರೆ ತೂತು ಕೊಡದಲ್ಲಿ ನೀರು ಹೊತ್ತ ಹಾಗೆ.

ಭತ್ತ ನೀರಿನ ಗಿಡ ಅಲ್ಲ. ಗೊತ್ತೇ? ತಾವರೆಗೆ ನೀರು ಬೇಕೇ ಬೇಕು, ಭತ್ತಕ್ಕೆ ಹಾಗಿಲ್ಲ. ಅದು ಹುಲ್ಲಿನ ಜಾತಿ, ರಾಗಿ ಜೋಳಗಳ ಬಳಗ. ಅದಕ್ಕಿರುವ ವಿಶೇಷವೆಂದರೆ ಕಾಂಡ ಮತ್ತು ಬೇರಿನೊಳಗೆ ಗಾಳಿ ಹರಿಯುವ ಕೊಳವೆಗಳು. ಎಲೆಯಿಂದ ಹೊಕ್ಕ ಗಾಳಿ ಆ ಕೊಳವೆಗಳ ಮೂಲಕ ಕೆಸರಿನಲ್ಲಿ ಮುಳುಗಿದ ಬೇರಿಗೆ ಇಳಿಯುತ್ತದೆ. ಮೆಕ್ಕೆಜೋಳವನ್ನು ವಾರಗಟ್ಟಲೆ ನೀರಲ್ಲಿ ನಿಲ್ಲಿಸಿ ನೋಡಿ, ಬೇರು ಉಸಿರುಗಟ್ಟಿ ಹಳದಿಯಾಗುತ್ತದೆ. ಭತ್ತ ತಡೆದುಕೊಳ್ಳುತ್ತದೆ. ತಡೆದುಕೊಳ್ಳುವುದನ್ನೇ ನಾವು ಇಷ್ಟಪಡುವುದು ಅಂದುಕೊಂಡೆವು.

ಹಾಗಾದರೆ ಗದ್ದೆ ತುಂಬ ನೀರು ಯಾಕೆ? ಕಳೆಗಾಗಿ! ನೀರಿನಡಿಯ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ, ಹೆಚ್ಚಿನ ಕಳೆಬೀಜಗಳು ಅಲ್ಲಿ ಮೊಳೆಯುವುದೇ ಇಲ್ಲ. ಎತ್ತರಕ್ಕೆ ಬೆಳೆದ ಸಸಿಯನ್ನು ತಂದು ನೀರಲ್ಲಿ ನೆಟ್ಟರೆ ಓಟದಲ್ಲಿ ಭತ್ತ ಮೊದಲೇ ಮುಂದಿರುತ್ತದೆ. ನೀರು ಸಮೃದ್ಧವಾಗಿದ್ದ ಕಾಲದಲ್ಲಿ ಇದು ಬಹಳ ಜಾಣ ಉಪಾಯ. ಕುಡುಗೋಲು, ಕುಂಟೆ, ಆಳು ಯಾವುದೂ ಬೇಡದ ಕಳೆನಾಶಕ ಅದು. ಈಗ ಅದೇ ಅತ್ಯಂತ ದುಬಾರಿ ಕಳೆನಾಶಕ.

ಬರೀ ಕೆಸರು ಮಾಡುವುದಕ್ಕೇ, ಅಂದರೆ ನಾಟಿಗೆ ಮೊದಲೇ, 150ರಿಂದ 200 ಮಿ.ಮೀ. ನೀರು ಬೇಕು. ಎಕರೆಗೆ ಆರರಿಂದ ಎಂಟು ಲಕ್ಷ ಲೀಟರ್. ಒಂದು ಸಸಿಯೂ ಇನ್ನೂ ಗದ್ದೆಗೆ ಇಳಿದಿರುವುದಿಲ್ಲ!

ಕೆಸರು ಕಲಸಿ ಕಲಸಿ ಗದ್ದೆಯ ತಳದಲ್ಲಿ ಗಟ್ಟಿ ಪದರವೊಂದು ಕೂರುತ್ತದೆ. ನೀರು ಇಂಗದಂತೆ ತಡೆಯುವುದು ಅದೇ, ಭತ್ತಕ್ಕೆ ಒಳ್ಳೆಯದು. ಭತ್ತ ಕೊಯ್ದ ಮೇಲೆ ಅಲ್ಲೇ ಉದ್ದು, ಕಡಲೆ ಬಿತ್ತಿದವರಿಗೆ ಮಾತ್ರ ಪದರ ಅಡ್ಡ ಬರುತ್ತದೆ. ಬೇರು ಕೆಳಗಿಳಿಯಲಾರದೆ ಪಕ್ಕಕ್ಕೆ ತಿರುಗುತ್ತದೆ.

ಇನ್ನು ನಮ್ಮ ಹಳೆಯ ಕಥೆಗೆ ಬನ್ನಿ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ. ಹೊಲ, ಕೆರೆ, ಮಗ್ಗ, ಸಂತೆ ಏನನ್ನೂ ಬಿಡದೆ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಶ್ರೀರಂಗಪಟ್ಟಣದ ಸುತ್ತ ಭತ್ತ ಹಾಕುವ ಮೂರು ಕ್ರಮಗಳಿವೆ. ಒಣಬೀಜವನ್ನು ಒಣನೆಲಕ್ಕೆ ಹಾಕುವುದು ಬರ ಭತ್ತ ಅಥವಾ ಪುನಾಜಿ, ಮೊಳಕೆ ಬರಿಸಿ ಚೆಲ್ಲುವುದು ಮೊಳೆ ಭತ್ತ, ಸಸಿ ಕಿತ್ತು ನೆಡುವುದು ನಾಟಿ. ಇವತ್ತು ನೇರ ಬಿತ್ತನೆ ಎಂಬ ಹೊಸ ಹೆಸರಿನಲ್ಲಿ ಪ್ರಾತ್ಯಕ್ಷಿಕೆ, ಕರಪತ್ರ, ಕ್ಷೇತ್ರೋತ್ಸವಗಳೊಂದಿಗೆ ಊರಿಗೆ ಬರುತ್ತಿರುವುದಕ್ಕೆ ಕಾವೇರಿ ದಡದಲ್ಲೇ ಇನ್ನೂರು ವರ್ಷದ ಹಿಂದೆ ಕನ್ನಡದ ಹೆಸರಿತ್ತು. ಕಾಲುವೆ ನೀರು ಬಂತು, ಪುನಾಜಿ ಎಂಬ ಮಾತು ಬಾಯಿಂದ ಬಿಟ್ಟುಹೋಯಿತು.

ಕರಾವಳಿಯಲ್ಲಿ ಗದ್ದೆಗೆ ಮೂರು ಮೆಟ್ಟಿಲು. ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಬೈಲಿನಲ್ಲಿ ನೀರಿದ್ದರೆ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿಗೆ ಮಳೆಗಾಲದ ಒಂದೇ. ಹತ್ತು ದಿನ ಮಳೆ ತಪ್ಪಿದರೆ ಮೊದಲು ಬಾಡುವುದು ಬೆಟ್ಟು. ಮಳೆ ಧಾರಾಳವಾಗಿ ಸುರಿಯುವ ನಾಡಿನಲ್ಲೂ ಬರದ ಮೂಲೆಯೊಂದು ಇರುತ್ತದೆ. ಹಡಿಲು ಬಿದ್ದ ಗದ್ದೆಗಳನ್ನು ಎಣಿಸಲು ಹೊರಟರೆ ಮೊದಲು ಬೆಟ್ಟು ಹತ್ತಿ ನೋಡಿ.

ಕೆರೆ ಅರ್ಧ ತುಂಬಿದ ವರ್ಷ ಏನು ಮಾಡುತ್ತಿದ್ದರು ಗೊತ್ತೇ? ಬಯಲುಸೀಮೆಯ ಕೆರೆಗಳಿಗೆ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿ ನಡೆಸುವುದು ಅವನ ಕೆಲಸ. ನೀರು ಗದ್ದೆಯಲ್ಲಿ ಸದಾ ನಿಂತಿರಲೇಬೇಕು ಎಂದು ಹಟ ಹಿಡಿದಿದ್ದರೆ ನೀರಗಂಟಿಯ ಕಸುಬು ನಡೆಯುತ್ತಲೇ ಇರಲಿಲ್ಲ.

ಮಂಡ್ಯದ ಕಡೆಯವರಿಗೆ ಕಟ್ಟು ಪದ್ಧತಿ ಗೊತ್ತು. ಇಷ್ಟು ದಿನ ನಾಲೆಗೆ ನೀರು, ಇಷ್ಟು ದಿನ ಬಂದ್. ಕೆಆರ್‌ಎಸ್‌ನಲ್ಲಿ ಮಟ್ಟ ಇಳಿದಾಗ ಇದು ಜಾರಿಗೆ ಬರುತ್ತದೆ, ಪ್ರತಿಭಟನೆಯೂ ಜೊತೆಗೇ ಬರುತ್ತದೆ. ತಮಾಷೆಯೆಂದರೆ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ನೀರುಳಿತಾಯಕ್ಕೆಂದು ಹತ್ತಾರು ದೇಶಗಳಲ್ಲಿ ಹೇಳಿಕೊಡುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ, ಒಮ್ಮೆ ನೆನೆಸು, ಒಮ್ಮೆ ಒಣಗಲು ಬಿಡು. ವ್ಯತ್ಯಾಸ ಒಂದೇ. ಅಲ್ಲಿ ದಿನ ಎಣಿಸುವುದು ಅಧಿಕಾರಿ ಅಲ್ಲ, ಮಣ್ಣು.

ಮಣ್ಣು ಹೇಗೆ ಎಣಿಸುತ್ತದೆ? ಒಂದು ಅಡಿ ಉದ್ದದ ಪ್ಲಾಸ್ಟಿಕ್ ಕೊಳವೆ ಸಾಕು. ಅದರ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಆ ಅರ್ಧವನ್ನು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಬೇಕು. ಈಗ ಕೊಳವೆಯೊಳಗೆ ಇಣುಕಿದರೆ ನೆಲದಡಿಯ ನೀರು ಎಲ್ಲಿದೆ ಎಂದು ಕಾಣುತ್ತದೆ. ಮೇಲೆ ನೆಲ ಒಣಗಿದಂತೆ ಕಂಡರೂ ಒಳಗೆ ಐದು ಸೆಂ.ಮೀ. ಕೆಳಗೇ ನೀರು ಮಿನುಗುತ್ತಿರಬಹುದು. ಅದು 15 ಸೆಂ.ಮೀ. ಕೆಳಕ್ಕೆ ಇಳಿಯುವ ತನಕ ಪೈರಿಗೆ ಯಾವ ಕಷ್ಟವೂ ಇಲ್ಲ, ಬೇರು ಅಲ್ಲಿಗೆ ತಲುಪಿರುತ್ತದೆ. ಇಳಿದ ಮೇಲೆ ನೀರು ಕಟ್ಟಿದರಾಯಿತು. ಇಳುವರಿ ಬೀಳದೆ ಶೇ. 15ರಿಂದ 30ರಷ್ಟು ನೀರು ಉಳಿಯುತ್ತದೆ. ಪಿವಿಸಿ ಇಲ್ಲದವರು ಬಿದಿರಿನ ಗೆಣ್ಣು ಒಡೆದು ಮಾಡಿಕೊಳ್ಳಬಹುದು. ಬಾಂಗ್ಲಾದೇಶದಲ್ಲಿ ಇದಕ್ಕೆ ಮಾಯಾ ಕೊಳವೆ ಎಂಬ ಅರ್ಥದ ಹೆಸರೇ ಬಿದ್ದಿದೆ. ಮಾಯೆ ಏನಿಲ್ಲ. ನೆಲದೊಳಗಿನದು ಕಣ್ಣಿಗೆ ಕಂಡದ್ದೇ ತಡ, ಪಂಪ್ ಹಾಕುವ ಕೈ ತಾನಾಗಿ ತಡೆಯುತ್ತದೆ, ಅಷ್ಟೆ.

ಎರೆ ಭೂಮಿಯವರಿಗೆ ಒಂದು ಎಚ್ಚರಿಕೆ. ಕೂದಲೆಳೆಯಷ್ಟು ಬಿರುಕಿಗೇ ನೀರು ಕೊಡಬೇಕು. ಬೆರಳು ತೂರುವಷ್ಟು ಬಾಯಿ ಬಿಟ್ಟರೆ ಮುಂದಿನ ಸಲ ಕಟ್ಟಿದ ನೀರೆಲ್ಲ ಬಿರುಕಿನ ಪಾಲು.

ಇನ್ನೊಂದು ಎಚ್ಚರಿಕೆ, ಇದು ಎಲ್ಲರಿಗೂ. ಭತ್ತದ ಒಂದೊಂದು ಹೂವೂ ಅರಳುವುದು ಒಂದೇ ಸಲ, ಅದೂ ಬೆಳಗಿನ ಹೊತ್ತಿನಲ್ಲಿ ಸುಮಾರು ಒಂದು ಗಂಟೆ. ಆ ದಿನಗಳಲ್ಲಿ ಪೈರು ಬಾಯಾರಿದರೆ ಕಾಳು ಕಟ್ಟದೆ ಜೊಳ್ಳಾಗುತ್ತದೆ. ತೆಂಡೆ ಒಡೆಯುವ ಕಾಲದ ಹಸಿವು ಬಾಯಾರಿಕೆಗಳನ್ನು ಭತ್ತ ಕ್ಷಮಿಸುತ್ತದೆ, ಹೊಡೆ ಹಾಯುವ ಕಾಲದ್ದನ್ನು ಕ್ಷಮಿಸುವುದಿಲ್ಲ. ಕೊಳವೆಯ ಲೆಕ್ಕವನ್ನು ಆ ಒಂದೆರಡು ವಾರ ಬದಿಗಿಟ್ಟು ನೀರು ನಿಲ್ಲಿಸುವುದೇ ಸರಿ.

ಜಪಾನಿನ ರೈತರು ಬೆಳೆಯ ಮಧ್ಯದಲ್ಲಿ ಬೇಕೆಂದೇ ಗದ್ದೆ ಒಣಗಿಸುತ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ನಾಕಾಬೊಶಿ ಎನ್ನುತ್ತಾರೆ. ಕೆಲಸಕ್ಕೆ ಬಾರದ ತೆಂಡೆಗಳು ನಿಲ್ಲುತ್ತವೆ, ಬೇರು ಗಟ್ಟಿಯಾಗುತ್ತದೆ.

ಗದ್ದೆಗೆ ಕಾಲಿಟ್ಟಾಗ ಕೆಸರಿನಿಂದ ಬುಳುಬುಳು ಎಂದು ಗುಳ್ಳೆ ಏಳುತ್ತದಲ್ಲ, ಅದರಲ್ಲಿರುವುದು ಬಹುಪಾಲು ಮೀಥೇನ್. ಗಾಳಿಯಿಲ್ಲದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ತಯಾರಿಸಿದ್ದು. ಇನ್ನೂ ಸ್ವಾರಸ್ಯವೆಂದರೆ ಅದು ಹೊರಬರುವ ಮುಖ್ಯ ದಾರಿ ಗುಳ್ಳೆಯಲ್ಲ, ಆಗಲೇ ಹೇಳಿದ ಭತ್ತದೊಳಗಿನ ಕೊಳವೆಗಳು. ಕೆಳಗೆ ಗಾಳಿ ಇಳಿಯುವ ದಾರಿಯಲ್ಲೇ ಮೀಥೇನ್ ಮೇಲೇರುತ್ತದೆ. ಮನುಷ್ಯನ ಚಟುವಟಿಕೆಯಿಂದ ಹೊರಡುವ ಮೀಥೇನಿನಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಭತ್ತದ ಗದ್ದೆಯದು. ಗದ್ದೆಯನ್ನು ನಡುನಡುವೆ ಒಣಗಿಸಿದರೆ ಅದು ಗಣನೀಯವಾಗಿ ಇಳಿಯುತ್ತದೆ. ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲ ಸ್ವಲ್ಪ ಏರುತ್ತದೆ ಎಂಬುದನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಕಡಿಮೆ ನೀರಿನಲ್ಲಿ ಭತ್ತ ಬೆಳೆಯುವ ಶ್ರೀ ಪದ್ಧತಿಯ ಹೆಸರಿನಲ್ಲಿ ದೇವರೂ ಇಲ್ಲ, ಲಕ್ಷ್ಮಿಯೂ ಇಲ್ಲ. ಅದು ಎಸ್.ಆರ್.ಐ. ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದ್ದು. ಹುಟ್ಟಿದ್ದು ಮಡಗಾಸ್ಕರಿನಲ್ಲಿ. ಆನ್ರಿ ದ ಲೊಲಾನಿಯೆ ಎಂಬ ಫ್ರೆಂಚ್ ಪಾದ್ರಿ 1961ರಲ್ಲಿ ಅಲ್ಲಿಗೆ ಹೋದವರು ರೈತರ ಜೊತೆ ಗದ್ದೆಯಲ್ಲೇ ಕಾಲ ಕಳೆದರು. 1983ರಲ್ಲಿ ಮಳೆ ಕೈಕೊಟ್ಟ ಹೊತ್ತಿಗೆ ಸಸಿಗಳನ್ನು ಬಲಿಯಲು ಬಿಡದೆ ಹದಿನೈದೇ ದಿನಕ್ಕೆ ಕಿತ್ತು ನೆಡಬೇಕಾಯಿತು. ಸಾಯುತ್ತವೆ ಎಂದುಕೊಂಡವು ಪೊದೆಯಂತೆ ತೆಂಡೆ ಒಡೆದವು. ಅಲ್ಲಿಂದ ಒಂದೊಂದೇ ಸೂತ್ರ ಕೂಡಿಕೊಂಡಿತು. ಎಂಟರಿಂದ ಹನ್ನೆರಡು ದಿನದ ಎರಡೆಲೆ ಸಸಿ, ಗುಣಿಗೆ ಒಂದೇ, ಆಚೀಚೆ 25 ಸೆಂ.ಮೀ. ಅಂತರ, ನೀರು ನಿಲ್ಲಿಸದೆ ತೇವ ಮಾತ್ರ, ಕಳೆಗೆ ಉರುಳುವ ಯಂತ್ರ. ಬೀಜ ಎಕರೆಗೆ ಎರಡು ಕಿಲೊ! ಇಪ್ಪತ್ತು, ಇಪ್ಪತ್ತೈದು ಕಿಲೊ ಚೆಲ್ಲಿ ಒಟ್ಲು ಮಾಡಿ ಅಭ್ಯಾಸವಾದವರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ.

ನಗದವರು ಹಾವೇರಿಯಲ್ಲಿದ್ದರು. ಅಲ್ಲಿನ ಗುಳಿ ರಾಗಿ ನೋಡಿ. ಚೌಕದ ಗುಳಿ, ಅಗಲ ಅಂತರ, ಎಳೆಯ ಪೈರಿನ ಮೇಲೆ ಕೊರಡು ಹೊಡೆದು ಬಗ್ಗಿಸಿ ತೆಂಡೆ ಬರಿಸುವುದು. ಮಡಗಾಸ್ಕರಿನ ಸುದ್ದಿ ಬರುವುದಕ್ಕೆ ಎಷ್ಟೋ ಮೊದಲಿನಿಂದ ನಡೆದುಬಂದ ಕ್ರಮ. ಗಿಡಕ್ಕೆ ಜಾಗ ಕೊಟ್ಟರೆ ಅದು ತಾನೇ ತುಂಬಿಕೊಳ್ಳುತ್ತದೆ ಎಂಬುದು ರಾಗಿಯವರಿಗೆ ಗೊತ್ತಿತ್ತು, ಭತ್ತದವರು ಕೇಳಲಿಲ್ಲ.

ಶ್ರೀ ಪದ್ಧತಿಯ ಜಗಳಗಳೂ ದೊಡ್ಡವೇ. 2011ರಲ್ಲಿ ಬಿಹಾರದ ನಳಂದ ಜಿಲ್ಲೆಯ ದರ್ವೇಶ್‌ಪುರದ ರೈತರೊಬ್ಬರು ಹೆಕ್ಟೇರಿಗೆ 22.4 ಟನ್ ತೆಗೆದರೆಂದು ಸುದ್ದಿಯಾಯಿತು. ಹೈಬ್ರಿಡ್ ಭತ್ತದ ಪಿತಾಮಹ, ಚೀನಾದ ಯುವಾನ್ ಲಾಂಗ್‌ಪಿಂಗ್ ಅದನ್ನು ನಂಬಲಿಲ್ಲ. ದಾಖಲೆ ನಿಜವೋ ಸುಳ್ಳೋ ಎಂಬ ಚರ್ಚೆಯಲ್ಲಿ ನನಗೆ ಹೆಚ್ಚು ಆಸಕ್ತಿಯಿಲ್ಲ. ಎರಡೆಲೆಯ ಸಸಿಯನ್ನು ಬೇರು ಮುರಿಯದಂತೆ ಕಿತ್ತು, ಒಂದೊಂದಾಗಿ, ದಾರ ಹಿಡಿದು ನೆಡುವ ಹೆಣ್ಣಾಳುಗಳ ಬೆನ್ನಿನ ಲೆಕ್ಕವನ್ನು ಇಳುವರಿಯ ಕೋಷ್ಟಕದಲ್ಲಿ ಎಲ್ಲಿ ಬರೆಯುತ್ತಾರೆ ಎಂಬುದು ನನ್ನ ಪ್ರಶ್ನೆ. ಅನೇಕ ಊರುಗಳಲ್ಲಿ ಶ್ರೀ ಹಿಂದೆ ಬಿದ್ದದ್ದು ಅಲ್ಲಿ.

ಪಂಜಾಬಿನಲ್ಲಿ ಭತ್ತ ನಾಟಿಗೆ ಕಾನೂನಿದೆ, ಗೊತ್ತೇ? 2009ರ ಕಾಯ್ದೆ ಜೂನ್ 10ಕ್ಕೆ ಮೊದಲು ಗದ್ದೆಗೆ ಸಸಿ ಇಳಿಸಬಾರದೆಂದಿತು. ಒಟ್ಲು ಹಾಕಲೂ ಮೇ 10ರ ತನಕ ಕಾಯಬೇಕಿತ್ತು. ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ನೀರು ಪೈರಿಗಿಂತ ಆಕಾಶಕ್ಕೇ ಹೆಚ್ಚು ಹೋಗುತ್ತದೆ ಎಂಬುದು ಅದರ ಹಿಂದಿನ ತರ್ಕ.

ಅದೇ ಪಂಜಾಬಿನಲ್ಲಿ ಈಗ ತರ್ ವತ್ತರ್ ಎಂಬ ಮಾತು ಓಡಾಡುತ್ತಿದೆ. ವತ್ತರ್ ಎಂದರೆ ನಮ್ಮ ಹದ. ಹೊಲಕ್ಕೆ ಮೊದಲು ನೀರು ಹಾಯಿಸಿ, ಹದಕ್ಕೆ ಬಂದಾಗ ಉತ್ತು, ಅದೇ ತೇವಕ್ಕೆ ಭತ್ತ ಬಿತ್ತಿ, ಆಮೇಲೆ ಸುಮಾರು 21 ದಿನ ನೀರನ್ನೇ ಕೊಡುವುದಿಲ್ಲ! ಮೇಲ್ಪದರ ಒಣಗಿರುವುದರಿಂದ ಕಳೆ ಏಳುವುದು ಕಡಿಮೆ, ತೇವ ಹುಡುಕಿಕೊಂಡು ಭತ್ತದ ಬೇರು ಕೆಳಗಿಳಿಯುತ್ತದೆ. ಹೀಗೆ ಬಿತ್ತುವವರಿಗೆ 2022ರಲ್ಲಿ ಅಲ್ಲಿನ ಸರ್ಕಾರ ಎಕರೆಗೆ 1,500 ರೂಪಾಯಿ ಘೋಷಿಸಿತು. ಉಚಿತ ವಿದ್ಯುತ್ತಿನಿಂದ ಬಾವಿ ಬರಿದು ಮಾಡಿಸಿ, ಆಮೇಲೆ ನೀರುಳಿಸಲು ದುಡ್ಡು ಕೊಡುವುದು. ಸರ್ಕಾರದ ಎರಡು ಕೈಗಳಿಗೆ ಒಂದರ ಕೆಲಸ ಇನ್ನೊಂದಕ್ಕೆ ಗೊತ್ತಿರುವುದಿಲ್ಲ ಎನ್ನುವುದು ಪಂಜಾಬಿಗೆ ಮಾತ್ರ ಅನ್ವಯಿಸುವ ಮಾತಲ್ಲ.

ಛತ್ತೀಸ್‌ಗಢದ ರೈತ ತಿಂಗಳ ಪೈರಿನ ಮೇಲೆ ನೇಗಿಲು ಹೊಡೆಯುತ್ತಾನೆ! ಒಣಬಿತ್ತನೆಯ ಭತ್ತ ಮೊಳಕಾಲೆತ್ತರಕ್ಕೂ ಬರುವ ಮೊದಲೇ, ಗದ್ದೆಯಲ್ಲಿ ಮಳೆನೀರು ನಿಂತೊಡನೆ, ಪೈರನ್ನೂ ಕಳೆಯನ್ನೂ ಸೇರಿಸಿ ಉಳುವ ಈ ಪದ್ಧತಿಗೆ ಬಿಯಾಸಿ ಎಂದು ಹೆಸರು. ಕಳೆ ಕೆಸರಿನಡಿ ಸಾಯುತ್ತದೆ, ಭತ್ತ ಎದ್ದು ನಿಲ್ಲುತ್ತದೆ, ದಟ್ಟವಾಗಿದ್ದ ಕಡೆಯ ಸಸಿಗಳನ್ನು ಕಿತ್ತು ತೆಳುವಾದ ಕಡೆ ಊರುತ್ತಾರೆ. ಮೊದಲ ಸಲ ನೋಡಿದವರಿಗೆ ಹೊಟ್ಟೆ ಚುರ್ ಎನ್ನುವ ದೃಶ್ಯ.

ಏರೋಬಿಕ್ ಭತ್ತ ಎಂದರೆ ಇಷ್ಟೆ. ಕೆಸರಿಲ್ಲ, ಒಟ್ಲಿಲ್ಲ, ನಾಟಿಯಿಲ್ಲ, ನಿಂತ ನೀರಿಲ್ಲ. ಮೆಕ್ಕೆಜೋಳದಂತೆ ಸಾಲಿನಲ್ಲಿ ಬಿತ್ತಿ, ಮಣ್ಣು ಒಣಗುತ್ತಾ ಬಂದಾಗ ಮಾತ್ರ ನೀರು. ಬೆಂಗಳೂರಿನ ಜಿಕೆವಿಕೆಯಲ್ಲಿ ಡಾ. ಎಚ್.ಇ. ಶಶಿಧರ್ ಮತ್ತು ಸಂಗಡಿಗರು ಇದರ ಹಿಂದೆ ವರ್ಷಗಟ್ಟಲೆ ಬಿದ್ದು, 2007ರಲ್ಲಿ ಎಂಎಎಸ್ 946-1 ಎಂಬ ತಳಿ ಹೊರತಂದರು. ಅದಾದ ಮೇಲೆ ಎಂಎಎಸ್ 26 ಬಂತು. ಹೆಸರಿನ ಮೊದಲ ಮೂರು ಅಕ್ಷರ ತಳಿ ಆರಿಸಿದ ವಿಧಾನದ್ದು. ಗಿಡ ಬೆಳೆದು ಬೇರು ಅಗೆದು ನೋಡುವ ಬದಲು ವಂಶವಾಹಿಯಲ್ಲಿನ ಗುರುತು ಹಿಡಿದು ಎಳೆಯದರಲ್ಲೇ ಆರಿಸುವುದು. ನಾಟಿ ಭತ್ತಕ್ಕೆ ಬೇಕಾದುದರ ಅರ್ಧದಷ್ಟು ನೀರಿನಲ್ಲಿ ಬೆಳೆ ಬರುತ್ತದೆ. ಕೊಳವೆಬಾವಿ ಇಟ್ಟುಕೊಂಡು ಒಂದೆರಡು ಎಕರೆಯಲ್ಲಿ ಮನೆಮಟ್ಟಿಗೆ ಅಕ್ಕಿ ಮಾಡಿಕೊಳ್ಳುವವರಿಗೆ ಇದು ಹೇಳಿ ಮಾಡಿಸಿದ್ದು.

ಒಣನೆಲದ ಭತ್ತ ಹಳದಿಯಾಗಿ ಬಿಳಿಚಿಕೊಳ್ಳುವುದನ್ನು ನೋಡಿ ಯೂರಿಯಾ ಸುರಿಯುವವರಿದ್ದಾರೆ. ಬಹಳ ಸಲ ಕೊರತೆ ಸಾರಜನಕದ್ದಲ್ಲ, ಕಬ್ಬಿಣದ್ದು. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ. ಆದರೆ ನೀರು ನಿಂತಾಗ ಕರಗಿ ಬೇರಿಗೆ ಸಿಗುವ ಕಬ್ಬಿಣ ಗಾಳಿಯಾಡುವ ಮಣ್ಣಿನಲ್ಲಿ ತುಕ್ಕಿನಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ಎಳೆಯ ಎಲೆ ಮೊದಲು ಬಿಳಿಚಿದರೆ ಕಬ್ಬಿಣದ ಕೊರತೆ, ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ್ದು. ಕಬ್ಬಿಣಕ್ಕೆ ಮದ್ದು ಅನ್ನಭೇದಿ, ಲೀಟರಿಗೆ ಐದು ಗ್ರಾಂ ಕರಗಿಸಿ ಎಲೆಗೆ ಸಿಂಪಡಿಸುವುದು. ಭತ್ತದ ಮದ್ದಿನ ಹೆಸರಲ್ಲೇ ಅನ್ನ ಇದೆ, ಕಾಕತಾಳೀಯ ಚೆನ್ನಾಗಿದೆ.

ನೀರು ನಿಲ್ಲಿಸದ ಭತ್ತದ ಅಕ್ಕಿಯಲ್ಲಿ ಆರ್ಸೆನಿಕ್ ಕಡಿಮೆ. ಬಂಗಾಳದಂಥ ಕಡೆ ಇದು ದೊಡ್ಡ ವಿಷಯ. ಆದರೆ ಕ್ಯಾಡ್ಮಿಯಂ ಇರುವ ಮಣ್ಣಾದರೆ ಒಣಗಿಸಿದಷ್ಟೂ ಅದು ಕಾಳಿಗೆ ಹೆಚ್ಚು ಸೇರುತ್ತದೆ. ಒಂದನ್ನು ಬಿಡಿಸಿದರೆ ಇನ್ನೊಂದು ಗಂಟು.

ಬೇರುಗಂಟು ಜಂತುಹುಳುವೂ ನೀರು ಕಂಡರೆ ಹಿಂಜರಿಯುವ ಜೀವಿ. ವರ್ಷ ವರ್ಷವೂ ಅದೇ ಹೊಲದಲ್ಲಿ ಏರೋಬಿಕ್ ಭತ್ತವನ್ನೇ ಹಾಕಿದರೆ ಇಳುವರಿ ಕುಗ್ಗುತ್ತಾ ಬರುವುದು ಫಿಲಿಪ್ಪೀನ್ಸಿನ ಪ್ರಯೋಗಗಳಲ್ಲಿ ಕಂಡಿದೆ. ನಡುವೆ ದ್ವಿದಳ ಧಾನ್ಯ ಬಿತ್ತಿ ಬೆಳೆ ಬದಲಿಸಬೇಕು. ನೀರು ಮಾಡುತ್ತಿದ್ದ ಕೆಲಸಗಳ ಪಟ್ಟಿ ಗೊತ್ತಾಗುವುದು ಅದನ್ನು ತೆಗೆದ ಮೇಲೇ.

ಬೇರಿನ ಕೋನಕ್ಕೂ ಬರಕ್ಕೂ ಏನು ಸಂಬಂಧ? ಐಆರ್ 64 ಎಂಬ ಜನಪ್ರಿಯ ತಳಿಯ ಬೇರು ನೆಲದ ಮೇಲ್ಪದರದಲ್ಲೇ ಅಡ್ಡಡ್ಡ ಹರಡುತ್ತದೆ. ಕಿನಾನ್‌ಡಾಂಗ್ ಪಾತೊಂಗ್ ಎಂಬ ಫಿಲಿಪ್ಪೀನ್ಸಿನ ಬೆಟ್ಟದ ಭತ್ತದ ಬೇರು ನೇರ ಕೆಳಕ್ಕೆ. ಈ ಎರಡನೆಯದರಿಂದ ಡಿಆರ್‌ಒ-1 ಎಂಬ ವಂಶವಾಹಿಯನ್ನು ಗುರುತಿಸಿ, ತಳಿ ಸಂಕರದಿಂದ ಅದನ್ನು ಐಆರ್ 64ಕ್ಕೆ ತಂದ ಜಪಾನಿನ ವಿಜ್ಞಾನಿಗಳು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರದಲ್ಲಿ ಮೂಲ ತಳಿ ಸೊರಗಿ ಬಿದ್ದಾಗ ಬೇರು ತಿರುಗಿಸಿಕೊಂಡ ತಮ್ಮ ಕಾಳು ಕಟ್ಟಿ ನಿಂತಿದ್ದ.

ಸಹಭಾಗಿ ಧಾನ್ ಎಂಬ ಹೆಸರು ಯಾಕೆ? ರೈತರನ್ನೂ ಜೊತೆಗೆ ಸೇರಿಸಿಕೊಂಡು ಆರಿಸಿದ ತಳಿ ಎಂದು. ಜಾರ್ಖಂಡಿನ ಹಜಾರಿಬಾಗ್‌ನಲ್ಲಿರುವ ಮಳೆಯಾಶ್ರಿತ ಮೇಲ್ನೆಲದ ಭತ್ತ ಕೇಂದ್ರ ಇದರ ತವರು, ಬಿಡುಗಡೆ 2010ರಲ್ಲಿ. ಬರ ತಡೆಯುವ ಇಂಥ ತಳಿಗಳಿಗೆ ನೇಪಾಳದಲ್ಲಿ ಸೂಖಾ ಧಾನ್ ಎಂದು ಹೆಸರಿಟ್ಟಿದ್ದಾರೆ. ಅದು ಕನ್ನಡದ ಸುಖ ಅಲ್ಲ, ಒಣ ಎಂಬ ಅರ್ಥದ ಸೂಖಾ. ರೈತನಿಗೆ ಎರಡೂ ಆಗಲಿ.

ಉತ್ತರ ಪ್ರದೇಶದ ನಗೀನಾ ಎಂಬ ಊರಿನ ಹೆಸರು ಪ್ರಪಂಚದ ಭತ್ತದ ಪ್ರಯೋಗಾಲಯಗಳಲ್ಲೆಲ್ಲ ಪರಿಚಿತ. ಬಿಸಿಲು, ಬರ ಎರಡನ್ನೂ ತಡೆಯುವ ನಗೀನಾ 22 ಎಂಬ ಹಳೆಯ ತಳಿಯಿಂದಾಗಿ.

ಪಶ್ಚಿಮ ಆಫ್ರಿಕಾದ ಮಳೆಯಾಶ್ರಿತ ಹೊಲಗಳಿಗೆಂದು ಏಷ್ಯಾದ ಭತ್ತಕ್ಕೂ ಆಫ್ರಿಕಾದ್ದೇ ಆದ ಬೇರೆ ಜಾತಿಯ ಭತ್ತಕ್ಕೂ ಮದುವೆ ಮಾಡಿಸಿದವರು ಸಿಯೆರಾ ಲಿಯೋನ್‌ನ ಮಾಂಟಿ ಜೋನ್ಸ್. ಹುಟ್ಟಿದ ತಳಿಗಳ ಹೆಸರು ನೆರಿಕಾ. 2004ರ ವಿಶ್ವ ಆಹಾರ ಪ್ರಶಸ್ತಿಯನ್ನು ಅವರ ಜೊತೆ ಹಂಚಿಕೊಂಡವರು ಯಾರು ಗೊತ್ತೇ? ಮೇಲೆ ಬಂದ ಅದೇ ಯುವಾನ್ ಲಾಂಗ್‌ಪಿಂಗ್.

2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ವಂಶವಾಹಿ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಅದರಲ್ಲೊಂದು, ಕಮಲಾ, ನಮ್ಮ ತುಂಗಭದ್ರಾ ಸೀಮೆಯವರು ಬಿಪಿಟಿ ಎಂದು ಕರೆಯುವ ಸಾಂಬಾ ಮಸೂರಿಯನ್ನೇ ತಿದ್ದಿದ್ದು. ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎನ್ನುತ್ತಾರೆ ಅದನ್ನು ರೂಪಿಸಿದವರು. ಇಪ್ಪತ್ತು ದಿನ ಎಂದರೆ ಇಪ್ಪತ್ತು ದಿನದ ನೀರು.

ತುಂಗಭದ್ರಾ ಎಂದಾಗ ನೆನಪಾಯಿತು. ಆ ಅಣೆಕಟ್ಟೆಯ ನೀರನ್ನು ಹಂಚಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು ಲೆಕ್ಕದಲ್ಲಿಟ್ಟುಕೊಂಡು, ಬರಗಾಲದಿಂದ ಕಾಪಾಡಲೆಂದು. ತಲೆಭಾಗದವರು ಭತ್ತ ನೆಟ್ಟರು, ಗಂಗಾವತಿ ಭತ್ತದ ಕಣಜವಾಯಿತು, ಕೊನೆಭಾಗದ ರಾಯಚೂರಿನ ಕಾಲುವೆಗಳು ಒಣಗಿದವು. ಹೂಳು ತುಂಬಿ ಜಲಾಶಯದ ಸಾಮರ್ಥ್ಯವೂ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿಯಿತು. ಆ ಭಾಗದಲ್ಲಿ ಈಗ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಭತ್ತ ಬಿತ್ತುವುದು ಹೆಚ್ಚುತ್ತಿದ್ದರೆ ಅದು ಪರಿಸರ ಪ್ರೇಮದಿಂದಲ್ಲ. ಕಾಲುವೆ ನೀರು ಯಾವಾಗ ಬರುತ್ತದೋ ತಿಳಿಯದು, ನಾಟಿಗೆ ಆಳು ಸಿಗುವುದಿಲ್ಲ. ಬದಲಾವಣೆ ಬರುವುದು ಹೆಚ್ಚಾಗಿ ಹೀಗೆಯೇ.

ಗದ್ದೆಯಲ್ಲಿ ಉಳಿಸಿದ ನೀರೆಲ್ಲ ನಿಜವಾಗಿ ಉಳಿಯಿತೇ? ಇದನ್ನು ಕೇಳುವವರು ಕಡಿಮೆ. ಇಂಗಿದ ನೀರು ಪಕ್ಕದ ಬಾವಿಯಲ್ಲಿ ಏಳುತ್ತಿದ್ದರೆ ಅದು ನಷ್ಟವಲ್ಲ. ಮೇಲಿನವರು ಉಳಿಸಿದ್ದನ್ನು ಮೇಲಿನವರೇ ಇನ್ನೆರಡು ಎಕರೆ ಭತ್ತಕ್ಕೆ ತಿರುಗಿಸಿದರೆ ಕೆಳಗಿನವರಿಗೆ ಬಂದದ್ದು ಸೊನ್ನೆ.

ಒಣಗದ್ದೆಯಲ್ಲಿ ಕಳೆ ಗೆಲ್ಲುವ ಹಳೆಯ ಯುಕ್ತಿ ಒಂದಿದೆ. ಬಿತ್ತುವ ಮೊದಲೇ ಹೊಲಕ್ಕೆ ಒಂದು ನೀರು ಕೊಟ್ಟು ಕಳೆಯನ್ನು ಮೊಳೆಯಿಸಿ, ಮೇಲೆ ಮೇಲೆ ಕುಂಟೆ ಹೊಡೆದು ಕೊಲ್ಲುವುದು. ಆಳವಾಗಿ ಉತ್ತರೆ ಕೆಳಗಿನ ಬೀಜ ಮೇಲೆ ಬಂದು ಕೆಲಸ ಕೆಡುತ್ತದೆ.

ಕಾಡುಭತ್ತ ಮಾತ್ರ ಯಾವ ಯುಕ್ತಿಗೂ ಸುಲಭವಾಗಿ ಸಿಗುವುದಿಲ್ಲ. ಎಳೆಯದರಲ್ಲಿ ನಮ್ಮ ಭತ್ತದ ತದ್ರೂಪು, ಬಲಿತಾಗ ಕಾಳು ಉದುರಿಸಿ ಮುಂದಿನ ವರ್ಷಕ್ಕೆ ತಾನೇ ಬಿತ್ತಿಕೊಂಡು ಹೋಗುತ್ತದೆ. ನೇರ ಬಿತ್ತನೆ ಮಾಡಿದ ದೇಶಗಳಲ್ಲೆಲ್ಲ ಇದೇ ದೊಡ್ಡ ತಲೆನೋವು.

ಇಷ್ಟೆಲ್ಲ ಯಾಕೆ, ರಾಗಿ ಬಿತ್ತಬಾರದೇ ಎಂದು ನೀವು ಕೇಳಬಹುದು. ಕೇಳಿ, ಸರಿಯಾದ ಪ್ರಶ್ನೆಯೇ. ಆದರೆ ತಗ್ಗಿನಲ್ಲಿದ್ದು ಜುಲೈನಲ್ಲಿ ನೀರು ಜೌಗು ಹಿಡಿಯುವ ಹೊಲದಲ್ಲಿ ರಾಗಿ ಕೊಳೆಯುತ್ತದೆ, ಅದೇ ಹೊಲ ಜೂನಿನಲ್ಲಿ ದೂಳು. ಮೊದಲ ತಿಂಗಳು ಬರ, ಮುಂದಿನ ತಿಂಗಳು ಕೆಸರು, ಎರಡನ್ನೂ ದಾಟಬಲ್ಲ ಧಾನ್ಯ ಹುಡುಕಿದರೆ ಸಿಗುವುದು ಭತ್ತವೇ.

ಧಾರವಾಡ, ಹಳಿಯಾಳ, ಮುಂಡಗೋಡ, ಖಾನಾಪುರ, ಹಾನಗಲ್ ಸೀಮೆಯ ಕೂರಿಗೆ ಭತ್ತ ಇದೇ. ಮಲೆನಾಡು ಮುಗಿದು ಬಯಲು ಶುರುವಾಗುವ ಪಟ್ಟಿ ಅದು. ಮುಗದದಲ್ಲಿ ಇದಕ್ಕೆಂದೇ ಭತ್ತದ ಸಂಶೋಧನಾ ಕೇಂದ್ರವಿದೆ, ಮುಗದ ಸುಗಂಧ ಎಂಬ ಪರಿಮಳದ ತಳಿ ಅಲ್ಲಿಯದು. ಬೇಸಿಗೆಯ ಅಡ್ಡಮಳೆಗೆ ನೆಲ ಹಸನು ಮಾಡಿಟ್ಟು, ಮುಂಗಾರು ಬರುವ ಹೊತ್ತಿಗೆ ಕೂರಿಗೆ ಹೂಡುತ್ತಾರೆ. ಸಾಲಾಗಿ ಬಿತ್ತಿದ್ದರಿಂದ ಎಡೆಕುಂಟೆ ಹೊಡೆಯಲು ಬರುತ್ತದೆ, ಮೊದಲ ತಿಂಗಳು ಭತ್ತ ಜೋಳದಂತೆಯೇ ಬೆಳೆಯುತ್ತದೆ. ಜುಲೈನ ಜಡಿಮಳೆಗೆ ಬದುಗಳ ನಡುವೆ ನೀರು ನಿಂತಾಗ ಅದೇ ಹೊಲ ಗದ್ದೆಯಾಗುತ್ತದೆ. ಕಾಲುವೆಯೂ ಇಲ್ಲ, ಒಟ್ಲೂ ಇಲ್ಲ.

ದೂಳಿಗೆ ಬಿದ್ದ ಬೀಜಕ್ಕೆ ಶತ್ರುಗಳು ಹೆಚ್ಚು. ಇರುವೆ ಹೊತ್ತೊಯ್ಯುತ್ತದೆ, ಹಕ್ಕಿ ಹೆಕ್ಕುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಅರೆಮಳೆ. ಬೀಜ ಒಡೆಯುವಷ್ಟು ಬಿದ್ದು ಮೊಳಕೆ ನಿಲ್ಲುವಷ್ಟು ಬೀಳದ ಮಳೆ. ಮಳೆಯೇ ಬಾರದಿದ್ದರೆ ಬೀಜ ಮಣ್ಣಲ್ಲಿ ಹಾಗೇ ಕಾಯುತ್ತದೆ, ಅರೆಮಳೆ ಬಂದರೆ ಎದ್ದು ಸಾಯುತ್ತದೆ. ಬಿತ್ತಿದವರು ಸಾಲಿನಲ್ಲಿ ಬೆರಳಿಟ್ಟು ಕೆದಕಿ, ನಾಲ್ಕು ಕಾಳು ಅಂಗೈಗೆ ತೆಗೆದುಕೊಂಡು ಮೂತಿ ಬಿಟ್ಟಿದೆಯೇ ಎಂದು ನೋಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ. ಬೀಜದ ಚೀಲವನ್ನು ಮೊದಲ ಸಲಕ್ಕೇ ಪೂರ್ತಿ ಕೊಡವುವುದಿಲ್ಲ. ಎರಡನೇ ಬಿತ್ತನೆಗೆಂದು ಒಂದಿಷ್ಟು ಅಟ್ಟದ ಮೇಲೇ ಇರುತ್ತದೆ.